ಲೋಕೇಶನ ಬಾಣಂತನ

ಲೋಕೇಶನಿಗೆ ಬಾಣಂತನ ಮಾಡಿದವರು ಅವನ ತಾಯಿ ಕಾಂತಮ್ಮ. ಇದರಲ್ಲಿ ನಗುವಂಥದ್ದು ಏನೂ ಇಲ್ಲ ಎಂದು ಅವರು ಈಗಲೂ ವಾದಿಸುತ್ತಾರೆ. ಹೊಟ್ಟೆ ಕುಯ್ದಿದ್ದಾರೆ, ಹೊಲಿಗೆ ಹಾಕಿದ್ದಾರೆ, ಮಲಗಿದವನು ತಾನಾಗಿ ಏಳಲಾರ, ಎದ್ದರೆ ಬಗ್ಗಿ ನಡೆಯುತ್ತಾನೆ. ಇಂಥವರಿಗೆ ಮಾಡುವ ಆರೈಕೆ ಅವರಿಗೆ ಗೊತ್ತಿದ್ದದ್ದು ಒಂದೇ. ಮೈಸೂರಿನಲ್ಲಿ ಇಬ್ಬರು ಹೆಣ್ಣುಮಕ್ಕಳಿಗೆ, ಒಬ್ಬ ತಂಗಿಗೆ, ಪಕ್ಕದ ಮನೆಯ ಸೊಸೆಗೆ ಬಾಣಂತನ ಮಾಡಿ ಹೆಸರು ತೆಗೆದುಕೊಂಡ ಕೈ ಅದು. ಮಗ ನಲವತ್ತಾರು ವರ್ಷದ ಗಂಡಸು ಎಂಬ ಒಂದೇ ಕಾರಣಕ್ಕೆ ಆ ಕೈ ಸುಮ್ಮನಿರಬೇಕೆ?

ಮಲೇಷ್ಯಾದ ಪುಚೊಂಗ್‌ನ ಫ್ಲ್ಯಾಟಿನಲ್ಲಿ ಇರುವವರು ಮೂವರೇ. ಲೋಕೇಶ ಕೌಲಾಲಂಪುರದ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಮ್ಯಾನೇಜರ್. ಹೆಂಡತಿ ದೇವಕಿ ಉಡುಪಿಯವಳು, ನಿಲಾಯ್‌ನ ಮೆಡಿಕಲ್ ಕಾಲೇಜೊಂದರಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡುತ್ತಾಳೆ. ದಿನಾ ಅಷ್ಟು ದೂರ ಕಾರು ಓಡಿಸಿಕೊಂಡು ಹೋಗಿ ಬರುತ್ತಾಳೆ. ಮಗಳು ಅಕ್ಷಯಾಗೆ ಹದಿನಾರು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ.

ಎರಡು ವರ್ಷದ ಹಿಂದೆ ಲೋಕೇಶ ನೂರಮೂವತ್ತು ಕೆಜಿ ಇದ್ದ. ಮಂಡಿ ನೋವು, ಸಕ್ಕರೆ ಕಾಯಿಲೆ, ರಾತ್ರಿ ಉಸಿರು ಕಟ್ಟುವುದು ಎಲ್ಲಾ ಬಂದ ಮೇಲೆ ಡಾಕ್ಟರು ಅವನ ಜಠರವನ್ನು ಆಪರೇಷನ್ ಮಾಡಿ ಚಿಕ್ಕದು ಮಾಡಿದರು. ಅದಾದ ಮೇಲೆ ಅವನು ಹಟ ಹಿಡಿದು ನಡೆದ, ಅಳೆದು ತಿಂದ, ಹೆಚ್ಚುಕಡಿಮೆ ಅರ್ಧ ಆದ. ಬೊಜ್ಜು ಹೋಯಿತು, ಅದನ್ನು ಹೊತ್ತಿದ್ದ ಚರ್ಮ ಹೋಗಲಿಲ್ಲ. ಅಣ್ಣನ ಅಂಗಿಯನ್ನು ತಮ್ಮ ಹಾಕಿಕೊಂಡ ಹಾಗೆ ಹೊಟ್ಟೆಯ ಮುಂದೆ ಅದು ಮಡಿಕೆಯಾಗಿ ಜೋತು ಬಿತ್ತು. ಇಲ್ಲಿನ ಬೆವರಿಗೆ ಮಡಿಕೆಯೊಳಗೆ ಹುಣ್ಣಾಗಿ, ಪೌಡರು ಹಾಕಿದರೂ ಮುಲಾಮು ಹಚ್ಚಿದರೂ ವಾಸನೆ ನಿಲ್ಲದೆ, ಆಫೀಸಿನಲ್ಲಿ ಮಧ್ಯಾಹ್ನ ಇನ್ನೊಂದು ಅಂಗಿ ಬದಲಿಸುವ ಸ್ಥಿತಿ ಬಂತು. ಇನ್ಶೂರೆನ್ಸಿನವರು ಇದು ಸೌಂದರ್ಯದ ವಿಷಯ ಎಂದು ಕೈ ತೊಳೆದುಕೊಂಡರು. ಗಂಡ ಹೆಂಡತಿ ಹೊಸ ಕಾರಿನ ಆಸೆ ಬಿಟ್ಟು, ಆ ದುಡ್ಡಿನಲ್ಲಿ ಚರ್ಮ ತೆಗೆಸಿದರು.

ಅವನು ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನ ಕಾಂತಮ್ಮ ಬಂದಿಳಿದರು. ಸೂಟ್‌ಕೇಸಿನ ಅರ್ಧ ಭಾಗ ಅಂಟಿನುಂಡೆ. ಕೊಬ್ಬರಿ, ತುಪ್ಪ, ಬೆಲ್ಲ, ಗೋಡಂಬಿ ಹಾಕಿ ಬಾಣಂತಿಯರಿಗೆ ಕಟ್ಟುವ ಆ ಉಂಡೆಗಳನ್ನು ನೋಡಿಯೇ ದೇವಕಿಗೆ ತಲೆ ಸುತ್ತಿತು.

"ಅತ್ತೆ, ಇದನ್ನು ಯಾರು ತಿನ್ಲಿಕ್ಕೆ?"

"ಹೊಟ್ಟೆ ಕುಯ್ಸಿಕೊಂಡೋನು."

"ಅವರ ಹೊಟ್ಟೆಯಲ್ಲಿ ಈಗ ಒಂದು ಮುಷ್ಟಿ ಜಾಗ ಉಂಟು, ಅಷ್ಟೇ."

"ಅದಕ್ಕೇ ಚಿಕ್ಕ ಚಿಕ್ಕದಾಗಿ ಕಟ್ಟಿದೀನಮ್ಮ," ಎಂದರು ಕಾಂತಮ್ಮ. ಉಂಡೆಗಳು ನಿಂಬೆಹಣ್ಣಿಗಿಂತ ದೊಡ್ಡವಿದ್ದವು.

ಲೋಕೇಶ ಹಾಲಿನ ಒರಗುಕುರ್ಚಿಯಲ್ಲಿ ಕಾಲು ಮಡಚಿ ಅರ್ಧ ಮಲಗಿದ್ದ. ನೆಟ್ಟಗೆ ಮಲಗಿದರೆ ಹೊಲಿಗೆ ಜಗ್ಗುತ್ತಿತ್ತು. ಸೊಂಟದ ಎರಡು ಕಡೆ ಎರಡು ಸಣ್ಣ ಕೊಳವೆ, ಅವುಗಳ ತುದಿಯಲ್ಲಿ ಬುರುಡೆಯಂಥ ಪ್ಲಾಸ್ಟಿಕ್ ಬಾಟಲಿ, ಅದರಲ್ಲಿ ತಿಳಿಗೆಂಪು ನೀರು. ಕಾಂತಮ್ಮ ಅವನ್ನು ಒಮ್ಮೆ ನೋಡಿ ಮುಖ ತಿರುಗಿಸಿದರು. ಆಮೇಲೆ ಹತ್ತಿರ ಸ್ಟೂಲು ಎಳೆದುಕೊಂಡು ಕೂತು ಮೆಲ್ಲಗೆ ಕೇಳಿದರು.

"ಕುಯ್ದು ತೆಗೆದ್ರಲ್ಲ, ಅದನ್ನ ಏನು ಮಾಡಿದ್ರು?"

"ಯಾವುದನ್ನಮ್ಮ?"

"ಚರ್ಮಾನ ಕಣೋ. ಹೂತ್ರಾ, ಸುಟ್ರಾ?"

"ಆಸ್ಪತ್ರೆಯವರು ಸುಡ್ತಾರೆ."

"ಎಷ್ಟಿತ್ತು?"

"ನಾಲ್ಕು ಕೆಜಿ ಅಂದ್ರು."

ಕಾಂತಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡರು. "ಹುಟ್ಟಿದಾಗ ನೀನೇ ಅಷ್ಟು ತೂಕ ಇರ್ಲಿಲ್ಲ. ಅದ್ರಲ್ಲಿ ನಾನು ಹಾಕಿದ ಅನ್ನ ಎಷ್ಟಿತ್ತೋ."

"ಎಲ್ಲಾ ಅದೇ ಅತ್ತೆ," ಎಂದಳು ದೇವಕಿ ಅಡುಗೆಮನೆಯಿಂದ.

ಮೊದಲ ವಾರ ದೇವಕಿ ರಜೆ ಹಾಕಿದ್ದಳು. ಕೊಳವೆಯ ನೀರು ಚೆಲ್ಲುವುದು, ಮಾತ್ರೆ ಕೊಡುವುದು, ಹೊಟ್ಟೆಗೆ ಬಿಗಿಯಾದ ಬೆಲ್ಟು ತೊಡಿಸುವುದು ಎಲ್ಲಾ ಅವಳದೇ. ಆ ಬೆಲ್ಟು ಎದೆಯ ಕೆಳಗಿನಿಂದ ತೊಡೆಯವರೆಗೆ ಬರುವ, ಕೊಕ್ಕೆಗಳಿರುವ ದಪ್ಪ ಬಟ್ಟೆಯ ಕವಚ. ಚರ್ಮವನ್ನು ಎತ್ತಿ ಕತ್ತರಿಸಿ ಕೆಳಗೆ ಎಳೆದು ಹೊಲಿದಿದ್ದಾರೆ, ಅದು ಒಳಗಿನ ಮಾಂಸಕ್ಕೆ ಅಂಟಬೇಕು. ಅಂಟುವವರೆಗೆ ಹಗಲೂ ರಾತ್ರಿ ಒತ್ತಿಕೊಂಡೇ ಇರಬೇಕು, ಇಲ್ಲದಿದ್ದರೆ ನಡುವೆ ನೀರು ತುಂಬುತ್ತದೆ ಎಂದು ಡಾಕ್ಟರ್ ಲಿಮ್ ಗಂಡ ಹೆಂಡತಿ ಇಬ್ಬರಿಗೂ ಬಿಡಿಸಿ ಹೇಳಿದ್ದರು.

ಊಟದ ಹೊತ್ತಿಗೆ ಮಾತ್ರ ದಿನಾ ಒಂದು ರಂಪ. ದೇವಕಿ ಸಣ್ಣ ಬಟ್ಟಲಿನಲ್ಲಿ ಬೇಯಿಸಿದ ಮೊಟ್ಟೆಯ ಬಿಳಿ, ಗಟ್ಟಿ ತೊವ್ವೆ, ಎರಡು ಚಮಚ ಅನ್ನ ತಂದಿಡುತ್ತಿದ್ದಳು.

"ಇದೇನು, ಗುಬ್ಬಚ್ಚಿಗೆ ಇಟ್ಟಿದ್ದಾ?" ಎಂದು ಕಾಂತಮ್ಮ.

"ಗಾಯ ಮಾಯ್ಲಿಕ್ಕೆ ಪ್ರೋಟೀನ್ ಬೇಕು ಅತ್ತೆ. ತುಪ್ಪ ಅಲ್ಲ."

"ನಿನ್ನ ಹೆರಿಗೇಲಿ ನಿಮ್ಮಮ್ಮ ಏನು ಕೊಟ್ರು? ಮೊಟ್ಟೆ ಬಿಳೀದಾ?"

"ನಾನು ಹೆತ್ತಿದ್ದೆ. ಇವರು ಎಂತ ಹೆತ್ತಿದ್ದಾರೆ?"

ಇಬ್ಬರೂ ತಿರುಗಿ ಲೋಕೇಶನ ಮುಖ ನೋಡುತ್ತಿದ್ದರು. ಲೋಕೇಶ ಟೀವಿ ನೋಡುತ್ತಿದ್ದ. ಅಡುಗೆಮನೆಗೆ ದೇವಕಿ ಹೋದ ಕೂಡಲೇ ಕಾಂತಮ್ಮ ಅರ್ಧ ಉಂಡೆ ಮುರಿದು ಅವನ ಬಾಯಿಗೆ ಇಡುತ್ತಿದ್ದರು, ಅವನು ಬಾಯಿ ತೆಗೆಯುತ್ತಿದ್ದ. ಆಫೀಸಿನಲ್ಲಿ ಈ ಮನುಷ್ಯ ದೊಡ್ಡ ದೊಡ್ಡ ಗಿರಾಕಿಗಳಿಗೆ ಮುಖಕ್ಕೆ ಹೊಡೆದ ಹಾಗೆ ಆಗುವುದಿಲ್ಲ ಎನ್ನುತ್ತಾನಂತೆ. ತಾಯಿಯ ಮುಂದೆ ಮಾತ್ರ ಅವನ ಬಾಯಿ ತೆರೆಯುವುದು ತಿನ್ನುವುದಕ್ಕೆ.

ಕೊಳವೆ ತೆಗೆಸಲು ಆಸ್ಪತ್ರೆಗೆ ಹೋಗುವಾಗ ಕಾರಿನಲ್ಲಿ ದೇವಕಿ ಒಂದು ವಿಷಯ ತೆಗೆದಳು.

"ಕಾಲೇಜಿನವರು ಹುಡುಗಿಯರ ಹಾಸ್ಟೆಲ್ ನೋಡ್ಕೊಳ್ಳಿ ಅಂತ ಕೇಳ್ತಾ ಇದ್ದಾರೆ. ಅಲ್ಲೇ ಮನೆ ಕೊಡ್ತಾರೆ. ಸೋಮವಾರದಿಂದ ಶುಕ್ರವಾರ ಅಲ್ಲೇ ಇರ್ಬೇಕು. ತಿಂಗಳ ಕೊನೆಗೆ ಉತ್ತರ ಹೇಳ್ಬೇಕು."

"ನೀನು ಬೇಡ ಅಂದಿದ್ದೆಯಲ್ಲ?"

"ಅಂದಿದ್ದೆ. ಈಗ ಹೌದು ಹೇಳುವ ಅಂತ ಕಾಣ್ತದೆ."

"ಯಾಕೆ?"

"ಯಾಕೆಂದ್ರೆ ನಿಮ್ಮ ಬಾಯಿ ನಾನಾಗಿ ನನಗೆ ಸಾಕಾಯ್ತು ಮಾರಾಯ್ರೆ. ಹದಿನೆಂಟು ವರ್ಷದಿಂದ ನಿಮ್ಮಮ್ಮನಿಗೆ ಬೇಡ ಅಂತ ಹೇಳುದು ನಾನು, ಕೆಟ್ಟವಳಾಗುದು ನಾನು. ಎರಡು ಆಪರೇಷನ್ ಆಯ್ತು. ಮತ್ತೆ ಆ ಮೈ ಬರ್ತದೆ, ನೋಡ್ತಾ ಇರಿ. ನಿಮಗೆ ಬೇಡವಾದದ್ದನ್ನು ನೀವೇ ಬೇಡ ಹೇಳಿ. ಒಂದು ಸಲ ಹೇಳಿ. ಇಲ್ಲದಿದ್ರೆ ನಾನು ನಿಲಾಯ್‌ಗೆ ಹೋಗ್ತೇನೆ, ಅಕ್ಷಯಾ ಬಂದ್ರೆ ಅವಳನ್ನೂ ಕರ್ಕೊಂಡು ಹೋಗ್ತೇನೆ."

ಅವಳು ಸಿಟ್ಟಿನಲ್ಲಿ ಹೇಳಿರಲಿಲ್ಲ. ಲೋಕೇಶನಿಗೆ ಭಯವಾದದ್ದು ಅದಕ್ಕೇ.

ಮುಂದಿನ ಸೋಮವಾರ ಪರೀಕ್ಷೆಗಳು ಶುರುವಾಗಿ ದೇವಕಿ ಕಾಲೇಜಿಗೆ ಹೋದಳು. ಮನೆ ಕಾಂತಮ್ಮನ ಕೈಗೆ ಬಂತು. ಅವತ್ತಿನಿಂದ ಬಾಣಂತನ ಸಾಂಗವಾಗಿ ನಡೆಯಿತು. ಬೆಳಿಗ್ಗೆ ಬೆನ್ನಿಗೆ ಕಾಲಿಗೆ ಬಿಸಿ ಎಣ್ಣೆ. ಬಿಸಿನೀರಿನಲ್ಲಿ ಮೈ ಒರೆಸಿ ಸಾಂಬ್ರಾಣಿ ಹೊಗೆ. ಕಿವಿಗೆ ಹತ್ತಿ, ತಲೆಗೆ ಮಫ್ಲರು. ಫ್ಯಾನು ಹಾಕುವ ಹಾಗಿಲ್ಲ. ಮಧ್ಯಾಹ್ನ ಮೆಣಸಿನ ಸಾರು, ಹುರಿದ ಬೆಳ್ಳುಳ್ಳಿ, ತುಪ್ಪ ಜಿನುಗುವ ಅನ್ನ. ನೀರು ಮಾತ್ರ ಗುಟುಕು ಗುಟುಕು, ಜಾಸ್ತಿ ಕುಡಿದರೆ ಹೊಟ್ಟೆ ಊದುತ್ತದೆ. ಪುಚೊಂಗ್‌ನ ಸೆಕೆಯಲ್ಲಿ ಮಫ್ಲರು ಸುತ್ತಿಕೊಂಡು ಕೂತ ಗಂಡಸು ಅಲ್ಲಿ ಇವನೊಬ್ಬನೇ ಇದ್ದಿರಬೇಕು.

ಹೊಟ್ಟೆ ಕಟ್ಟುವುದು ಬಾಣಂತನದ ಮುಖ್ಯ ಕೆಲಸ. ಕಾಂತಮ್ಮ ತಮ್ಮ ಹಳೆಯ ಹತ್ತಿ ಸೀರೆಯೊಂದನ್ನು ಉದ್ದಕ್ಕೆ ಮಡಚಿ ಹಿಡಿದು ಮಗನ ಮುಂದೆ ನಿಂತರು.

"ಆಸ್ಪತ್ರೆ ಬೆಲ್ಟು ಬಿಚ್ಚಬಹುದೇನೋ? ಡಾಕ್ಟರು ಒಪ್ತಾರಾ?"

ಬೆಲ್ಟು ಸೆಕೆಗೆ ಕಡಿಯುತ್ತಿತ್ತು, ಕೊಕ್ಕೆಗಳು ಪಕ್ಕೆಗೆ ಒತ್ತುತ್ತಿದ್ದವು. ಸೀರೆ ಮೆತ್ತಗಿತ್ತು.

"ಹೂಂ," ಎಂದ ಲೋಕೇಶ.

"ದೇವಕಿಗೆ ಹೇಳ್ದ್ಯಾ?"

"ಹೂಂ."

ಎರಡೂ ಸುಳ್ಳು. ಕಾಂತಮ್ಮ ಬಾಣಂತಿಗೆ ಕಟ್ಟುವ ಹಾಗೆ ಸೊಂಟದ ಮೇಲೆ ಬಿಗಿಯಾಗಿ ಕಟ್ಟಿದರು. ಹೊಲಿಗೆ ಇದ್ದದ್ದು ಅದಕ್ಕಿಂತ ಕೆಳಗೆ, ಒತ್ತಬೇಕಾಗಿದ್ದದ್ದೂ ಅಲ್ಲೇ. ಸಂಜೆ ದೇವಕಿ ಬರುವ ಹೊತ್ತಿಗೆ ಲೋಕೇಶ ಸೀರೆ ಬಿಚ್ಚಿಸಿ ಬೆಲ್ಟು ತೊಟ್ಟು ಜಾಣನಾಗಿ ಕೂತಿರುತ್ತಿದ್ದ. ಮನೆಯೆಲ್ಲ ಬೆಳ್ಳುಳ್ಳಿ ವಾಸನೆ ಎಂದು ಅವಳು ಗೊಣಗುತ್ತಿದ್ದಳು, ಸೀರೆಯ ಸುದ್ದಿ ಅವಳಿಗೆ ಗೊತ್ತಾಗಲಿಲ್ಲ.

ಗೊತ್ತಾದದ್ದು ಎದುರು ಮನೆಯ ರೊಹಾನಾಗೆ. ಆಕೆ ಮಲಯ್ ಹೆಂಗಸು, ಐದು ಮೊಮ್ಮಕ್ಕಳ ಅಜ್ಜಿ, ಅಕ್ಷಯಾಗೆ ಮಾಕ್ಚಿಕ್, ಅಂದರೆ ಆಂಟಿ. ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ, ಬಾಲ್ಕನಿಯಲ್ಲಿ ಒಣಗುವ ಉದ್ದ ಬಟ್ಟೆ ಎಲ್ಲಾ ಸೇರಿಸಿ ಲೆಕ್ಕ ಹಾಕಿ, ಒಂದು ಮಧ್ಯಾಹ್ನ ಮಗುವಿನ ಟೋಪಿ, ಕಾಲುಚೀಲದ ಪೊಟ್ಟಣ ಹಿಡಿದು ಬಾಗಿಲು ತಟ್ಟಿದರು. ಬಾಗಿಲು ತೆಗೆದವಳು ಆಗಷ್ಟೇ ಶಾಲೆಯಿಂದ ಬಂದಿದ್ದ ಅಕ್ಷಯಾ.

"ಬೇಬಿ ಬಾಯ್ ಆ, ಗರ್ಲ್ ಆ?"

"ನೋ ಬೇಬಿ, ಮಾಕ್ಚಿಕ್. ಇಟ್ಸ್ ಮೈ ಡ್ಯಾಡ್."

ಪೂರ್ತಿ ಕಥೆ ಕೇಳಿದ ರೊಹಾನಾ ಚಪ್ಪಲಿ ಗೂಡಿನ ಮೇಲೆ ಕೂತು ನಕ್ಕರು. ನಕ್ಕು ಮುಗಿಸಿ, ಎದ್ದು ಹೋಗಿ ತಮ್ಮ ಮನೆಯಿಂದ ಒಂದು ಉದ್ದ ಬಟ್ಟೆಯ ಸುರುಳಿ ತಂದರು. ಅದರ ಹೆಸರು ಬೆಂಗ್ಕುಂಗ್, ಇಲ್ಲಿನವರೂ ಬಾಣಂತಿಗೆ ಹೊಟ್ಟೆ ಕಟ್ಟುತ್ತಾರೆ. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದ ಇಬ್ಬರು ಅಜ್ಜಿಯರು ಅಕ್ಷಯಾಳನ್ನು ಕಂಬದ ಹಾಗೆ ನಡುವೆ ನಿಲ್ಲಿಸಿ, ಅವಳ ಶಾಲೆಯ ಸಮವಸ್ತ್ರದ ಮೇಲೆ ಆ ಬಟ್ಟೆ ಸುತ್ತಿ, ಗಂಟು ಹೇಗೆ, ಎಳೆತ ಹೇಗೆ ಎಂದು ಒಬ್ಬರಿಗೊಬ್ಬರು ತೋರಿಸಿಕೊಂಡರು.

"ಅಜ್ಜಿ, ಪ್ಲೀಸ್ ಲಾ. ಐ ಕಾನ್ಟ್ ಬ್ರೀದ್."

"ಸುಮ್ನಿರು, ಕಲಿಯೋ ವಿಷಯ ಇದು. ನೋಡೋ ಲೋಕೇಶ, ಇಲ್ಲಿಯವರೂ ಕಟ್ತಾರೆ. ಅಪ್ಪಟ ವಿದ್ಯೆ ಎಲ್ಲಾ ಕಡೆ ಒಂದೇ."

ಮರುದಿನದಿಂದ ಸೀರೆಯ ಜಾಗಕ್ಕೆ ಬೆಂಗ್ಕುಂಗ್ ಬಂತು. ಕಾಂತಮ್ಮ ಅವತ್ತೂ ಕೇಳಿದರು, ಡಾಕ್ಟರು ಬೇಡ ಅಂದಿಲ್ಲ ತಾನೆ? ಲೋಕೇಶ ಅವತ್ತೂ ಹೂಂ ಎಂದ. ಅಕ್ಷಯಾ ಅಲ್ಲೇ ಹೋಮ್‌ವರ್ಕ್ ಮಾಡುತ್ತಾ ಕೂತಿದ್ದಳು.

ಕೆಲವು ದಿನ ಕಳೆದವು. ಒಂದು ಮಧ್ಯಾಹ್ನ ಬಚ್ಚಲಿಗೆ ಹೋಗಲು ಲೋಕೇಶ ಕುರ್ಚಿಯಿಂದ ಎದ್ದ. ಎದ್ದು ನಿಂತ ಮೇಲೆ ಹೊಟ್ಟೆಯ ಕೆಳಗೆ ಏನೋ ಅವನಿಗಿಂತ ಒಂದು ಕ್ಷಣ ತಡವಾಗಿ ಅಲುಗಿತು. ಇನ್ನೊಂದು ಹೆಜ್ಜೆ ಇಟ್ಟ, ಮತ್ತೆ ಅಲುಗಿತು. ತುಂಬಿದ ಬಿಂದಿಗೆ ಹೊತ್ತು ನಡೆದ ಹಾಗೆ ಒಳಗೆ ನೀರು ತುಳುಕುತ್ತಿತ್ತು. ಅವನು ಗೋಡೆ ಹಿಡಿದು ನಿಂತು ದೇವಕಿಗೆ ಫೋನ್ ಮಾಡಿದ.

ಅವಳು ಪರೀಕ್ಷೆ ನೋಡಿಕೊಳ್ಳುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ ಓಡಿ ಬಂದಳು. ಆಸ್ಪತ್ರೆಯಲ್ಲಿ ಡಾಕ್ಟರ್ ಲಿಮ್ ದಪ್ಪ ಸೂಜಿ ಹಾಕಿ, ಸಿರಿಂಜಿನ ಮೇಲೆ ಸಿರಿಂಜು ನೀರು ತೆಗೆದರು. ಆಮೇಲೆ ಅವನ ಸೊಂಟದ ಮೇಲೆ ಗಂಟು ಒತ್ತಿ ಮೂಡಿದ ಕೆಂಪು ಗುರುತಿನ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದರು. ಲೋಕೇಶ ಚಾವಣಿ ನೋಡಿದ.

"ಬೆಲ್ಟು ಹಗಲೂ ರಾತ್ರಿ ಹಾಕ್ತಿದ್ದೀರಾ?"

"ಮೋಸ್ಟ್‌ಲಿ," ಎಂದ.

ಮತ್ತೆ ತುಂಬಿದರೆ, ಕೀವಾದರೆ, ಹೊಲಿಗೆ ಬಿಚ್ಚಿ ಇನ್ನೊಮ್ಮೆ ಆಪರೇಷನ್ ಮಾಡಬೇಕಾಗುತ್ತದೆ ಎಂದರು ಡಾಕ್ಟರು. ನೀರು ಚೆನ್ನಾಗಿ ಕುಡಿಯಬೇಕು ಎಂದೂ ಹೇಳಿದರು. ಅದು ಬಾಣಂತಿಯರಿಗೆ ಹೊಟ್ಟೆ ಕಟ್ಟುವ ಬಟ್ಟೆಯ ಗಂಟು ಎಂದು ದೇವಕಿಗೆ ನೋಡಿದ ಕೂಡಲೇ ಗೊತ್ತಾಗಿತ್ತು.

ಮನೆಯ ಬಾಗಿಲು ಹಾಕಿದ ಮೇಲೆ ಮಾತು ಹೊರಬಂತು.

"ಅತ್ತೆ, ಆ ಬಟ್ಟೆ ಎಲ್ಲುಂಟು?"

ಕಾಂತಮ್ಮ ಬೆಂಗ್ಕುಂಗ್ ತಂದು ಮೇಜಿನ ಮೇಲಿಟ್ಟರು.

"ಇದನ್ನು ಕಟ್ಲಿಕ್ಕೆ ನಿಮಗೆ ಯಾರು ಹೇಳಿದ್ದು? ಡಾಕ್ಟರು ಹೇಳಿದ್ರಾ? ನಾನು ಹೇಳಿದ್ನಾ? ಎಷ್ಟು ನೀರು ತುಂಬಿತ್ತು ಗೊತ್ತುಂಟಾ? ಮತ್ತೆ ತುಂಬಿದ್ರೆ ಮತ್ತೆ ಕುಯ್ಬೇಕಂತೆ. ನಿಮ್ಮ ಬಾಣಂತನ ನಿಮ್ಮ ಊರಲ್ಲಿ ಇಟ್ಕೊಳ್ಳಿ. ಇವರನ್ನು ಬದುಕ್ಲಿಕ್ಕೆ ಬಿಡಿ."

ಕಾಂತಮ್ಮನ ಮುಖ ಕಪ್ಪಿಟ್ಟಿತು. ಅವರು ಮಗನ ಕಡೆ ನೋಡಿದರು. ಮಗ ಕುರ್ಚಿಯ ಕೈ ಹಿಡಿದು ಕೂರುವುದಕ್ಕೆ ಒದ್ದಾಡುತ್ತಿದ್ದ, ಅಥವಾ ಒದ್ದಾಡುವವನ ಹಾಗೆ ಇದ್ದ.

"ತಪ್ಪಾಯ್ತಮ್ಮ," ಎಂದರು ಕಾಂತಮ್ಮ. "ಗೊತ್ತಾಗ್ಲಿಲ್ಲ. ಟಿಕೆಟ್ ಇದ್ರೆ ಊರಿಗೆ ಹೋಗ್ತೀನಿ."

ಅಷ್ಟೇ. ಮಗ ಹೂಂ ಎಂದದ್ದನ್ನು ಆಕೆ ಹೇಳಲಿಲ್ಲ.

ಅಕ್ಷಯಾ ತನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. "ಅಪ್ಪ," ಎಂದಳು. "ಅಜ್ಜಿ ಆಸ್ಕ್ಡ್ ಯು. ಎವ್ರಿ ಡೇ. ಐ ಹರ್ಡ್." ಆಮೇಲೆ, ಅಪ್ಪನಿಗೆ ತಪ್ಪಿಸಿಕೊಳ್ಳಲು ದಾರಿ ಇರಬಾರದೆಂದೋ ಏನೋ, ಕನ್ನಡದಲ್ಲೇ ಹೇಳಿದಳು. "ನೀನು ಹೂಂ ಹೇಳಿದೆ."

ಲೋಕೇಶನಿಗೆ ಹೊಲಿಗೆಗಿಂತ ಅದು ಹೆಚ್ಚು ನೋವು ಕೊಟ್ಟಿತು. ಮಗಳ ಮುಂದೆ ಇಷ್ಟು ಸಣ್ಣವನಾಗಿ ಅವನು ಯಾವತ್ತೂ ನಿಂತಿರಲಿಲ್ಲ.

"ಹೌದು," ಎಂದ. "ಅಮ್ಮ ಕೇಳಿದ್ಲು. ಡಾಕ್ಟರು ಒಪ್ತಾರೆ, ದೇವಕಿಗೂ ಗೊತ್ತು ಅಂತ ನಾನೇ ಹೇಳ್ದೆ. ಬೆಲ್ಟು ಸೆಕೆ ಆಗ್ತಿತ್ತು."

ದೇವಕಿ ಅವನನ್ನೇ ನೋಡಿದಳು. "ಮತ್ತೆ ನಾನು ಅವರಿಗೆ ಬೈಯುವಾಗ ನಿಮ್ಮ ಬಾಯಲ್ಲಿ ಎಂತ ಇತ್ತು? ಅಂಟಿನುಂಡೆಯಾ?"

"ಬಿಡಮ್ಮ, ನೋವಲ್ಲಿದಾನೆ," ಎಂದರು ಕಾಂತಮ್ಮ.

"ನೀವು ಹೀಗೆ ಅಡ್ಡ ಬಂದು ಬಂದೇ ಇವರು ಹೀಗಾದದ್ದು." ದೇವಕಿ ಕಣ್ಣು ಒರೆಸಿಕೊಂಡು ಅತ್ತೆಯ ಎದುರು ಕೂತಳು. "ನಿಮಗೆ ಬೈದದ್ದು ತಪ್ಪಾಯ್ತು ಅತ್ತೆ. ಊರಿಗೆ ಹೋಗುದೆಲ್ಲ ಬೇಡ. ಇವರು ಗುಣ ಆಗುವವರೆಗೆ ಇರಿ. ನನಗೆ ಜನ ಬೇಕು."

"ನಂದೂ ತಪ್ಪಿದೆ," ಎಂದರು ಕಾಂತಮ್ಮ. "ಮಗನ ಹೂಂ ಎಂಥ ಹೂಂ ಅಂತ ಹೆತ್ತೋಳಿಗೆ ಗೊತ್ತಾಗಬೇಕಿತ್ತು."

ಆ ರಾತ್ರಿ ದೇವಕಿ ಗಂಡನಿಗೆ ಮಾತ್ರೆ ಕೊಡುತ್ತಾ ಒಂದೇ ಮಾತು ಹೇಳಿದಳು. "ನಾನು ಇನ್ನು ಊಟದ ವಿಷಯದಲ್ಲಿ ಬಾಯಿ ಬಿಡುದಿಲ್ಲ. ತಿಂಗಳು ಮುಗಿಲಿಕ್ಕೆ ಇನ್ನೂ ಟೈಮ್ ಉಂಟು."

ಮರುದಿನ ಬೆಳಿಗ್ಗೆ ಕಾಂತಮ್ಮ ಸೊಸೆಯನ್ನು ಕರೆದು ಬೆಲ್ಟು ಹಾಕುವುದನ್ನು ಕಲಿಸಿಕೊಡು ಎಂದರು. ಯಾವ ಕೊಕ್ಕೆ ಮೊದಲು, ಎಷ್ಟು ಬಿಗಿ, ಎಲ್ಲಿ ಸುಕ್ಕು ಬರಬಾರದು ಎಂದು ದೇವಕಿ ತೋರಿಸಿದಳು. ಒಮ್ಮೆ ನೋಡಿದ್ದೇ ಸಾಕಾಯಿತು, ಕಟ್ಟುವ ಕೈಗೆ ಕಟ್ಟುವುದು ಕಷ್ಟವೆ? ಇಷ್ಟು ದಿನ ಮೇಲೆ ಬ್ಯಾಂಡೇಜು ಇತ್ತು, ಆವತ್ತೇ ಅವರು ಹೊಲಿಗೆಯನ್ನು ಮೊದಲ ಸಲ ನೋಡಿದ್ದು. ಈ ಸೊಂಟದಿಂದ ಆ ಸೊಂಟದವರೆಗೆ ಒಂದೇ ಗೆರೆ, ನಡುವೆ ಹೊಸದಾಗಿ ಕೂರಿಸಿದ ಹೊಕ್ಕುಳು. ಲೋಕೇಶ ಕಣ್ಣು ಮುಚ್ಚಿಕೊಂಡಿದ್ದ, ಅಮ್ಮ ಅಳುತ್ತಾಳೆ ಎಂದು.

"ಟೈಲರ್ ಒಳ್ಳೆಯವನು," ಎಂದರು ಕಾಂತಮ್ಮ. "ಅಂಚು ಎಲ್ಲೂ ಸೊಟ್ಟ ಹೋಗಿಲ್ಲ."

ದೇವಕಿ ನಕ್ಕುಬಿಟ್ಟಳು. ಬಹಳ ದಿನಗಳ ಮೇಲೆ ಆ ಮನೆಯವರಲ್ಲಿ ಒಬ್ಬರು ನಕ್ಕದ್ದು ಅದು.

ಅಲ್ಲಿಂದ ಮುಂದೆ ಬೆಲ್ಟಿನ ವಿಷಯದಲ್ಲಿ ಕಾಂತಮ್ಮ ಡಾಕ್ಟರಿಗಿಂತ ಬಿಗಿಯಾದರು. ಎರಡು ಬೆಲ್ಟು ಇದ್ದವು, ಒಂದನ್ನು ಒಗೆದು ಒಣಗಿಸಿ ಇನ್ನೊಂದನ್ನು ತೊಡಿಸುತ್ತಿದ್ದರು. ಸೆಕೆ ಎಂದು ಮಗ ಮುಲುಗಿದರೆ, ಸೆಕೆಯಾದರೆ ಫ್ಯಾನು ಹಾಕ್ಕೋ ಎನ್ನುತ್ತಿದ್ದರು. ಮಫ್ಲರು ಸೂಟ್‌ಕೇಸಿಗೆ ಹೋಯಿತು. ನೀರಿನ ಬಾಟಲಿ ಕುರ್ಚಿಯ ಪಕ್ಕಕ್ಕೆ ಬಂತು. ಮಗನ ಜೊತೆ ಮೊದಲು ಹಾಲಿನಲ್ಲಿ, ಆಮೇಲೆ ಹೊರಗಿನ ಕಾರಿಡಾರಿನಲ್ಲಿ, ಆಮೇಲೆ ಕೆಳಗೆ ಈಜುಕೊಳದ ಸುತ್ತ ನಡೆದರು. ಅವನು ದಿನದಿಂದ ದಿನಕ್ಕೆ ನೆಟ್ಟಗಾದ. ಎದುರು ಸಿಕ್ಕಾಗಲೆಲ್ಲ ರೊಹಾನಾ "ಹೌ ಈಸ್ ದ ಮದರ್?" ಎಂದು ಅವನನ್ನೇ ಕೇಳುತ್ತಿದ್ದರು, ಅವನು "ಬೋತ್ ಫೈನ್" ಎನ್ನುವಷ್ಟು ಗೆಲುವಾಗಿದ್ದ. ಎರಡನೇ ಸಲ ನೀರು ತೆಗೆಸಬೇಕಾಗಿ ಬಂತು, ಆದರೆ ಸ್ವಲ್ಪ. ಮೂರನೇ ಸಲ ಹೋದಾಗ ಡಾಕ್ಟರ್ ಲಿಮ್ ಹೊಟ್ಟೆ ಒತ್ತಿ ನೋಡಿ ಸೂಜಿಯನ್ನು ಪಕ್ಕಕ್ಕಿಟ್ಟರು. ಹೊಸದಾಗಿ ಕೊಂಡ ಪ್ಯಾಂಟಿನೊಳಗೆ ಅಂಗಿ ಸಿಕ್ಕಿಸಿಕೊಂಡು ಕನ್ನಡಿ ಮುಂದೆ ನಿಂತ ಲೋಕೇಶ ತನಗೆ ತಾನೇ ಇಷ್ಟವಾದ.

ಊಟ ಒಂದು ಮಾತ್ರ ಬದಲಾಗಲಿಲ್ಲ. ಕಾಂತಮ್ಮ ಈಗ ದೇವಕಿ ಹೇಳಿದ್ದನ್ನೇ ಬೇಯಿಸುತ್ತಿದ್ದರು, ತುಪ್ಪವನ್ನೂ ಕಡಿಮೆ ಮಾಡಿದ್ದರು, ಆದರೆ ಬಡಿಸುವ ಕೈಗೆ ನಿಲ್ಲುವುದು ಗೊತ್ತಿರಲಿಲ್ಲ. ಬಟ್ಟಲು ಖಾಲಿಯಾದರೆ ಇನ್ನೊಂದು ಸೌಟು. ಅದೂ ಖಾಲಿಯಾದರೆ ಮತ್ತೊಂದು. ಅವನದು ಮುಗಿದ ಮೇಲೆ ತಣ್ಣಗಾದದ್ದನ್ನು ತಾವು ಉಣ್ಣುತ್ತಿದ್ದರು. ದೇವಕಿ ಕೊಟ್ಟ ಮಾತಿನಂತೆ ತುಟಿ ಕಚ್ಚಿಕೊಂಡು ತನ್ನ ತಟ್ಟೆ ನೋಡುತ್ತಿದ್ದಳು. ಲೋಕೇಶನ ಚಿಕ್ಕ ಜಠರಕ್ಕೆ ಹೆಚ್ಚಾದದ್ದು ಎದೆಗೆ ಬಂದು ನಿಲ್ಲುತ್ತಿತ್ತು. ಅವನು ಅಮ್ಮನ ಕಣ್ಣು ತಪ್ಪಿಸಿ ಅಕ್ಷಯಾಳ ತಟ್ಟೆಗೆ ಹಾಕುತ್ತಿದ್ದ, ಟಿಶ್ಯೂ ಕಾಗದದಲ್ಲಿ ಸುತ್ತುತ್ತಿದ್ದ, ಒಮ್ಮೆ ಬಚ್ಚಲಿಗೆ ಹೋಗಿ ಕಾರಿಕೊಂಡು ಬಂದು ಮತ್ತೆ ಕೂತ. ಇಷ್ಟೆಲ್ಲ ಕಸರತ್ತು ಮಾಡಿದರೂ ಎರಡಕ್ಷರದ ಒಂದು ಮಾತು ಅವನ ಬಾಯಿಂದ ಹೊರಡಲಿಲ್ಲ.

ತಿಂಗಳ ಕೊನೆಯ ಭಾನುವಾರ ಬಂತು. ಸೋಮವಾರ ಲೋಕೇಶ ಆಫೀಸಿಗೆ ಮರಳುವುದಿತ್ತು, ಅದೇ ಸೋಮವಾರ ದೇವಕಿ ನಿಲಾಯ್‌ಗೆ ಉತ್ತರ ಹೇಳಬೇಕಿತ್ತು. ಬೆಳಿಗ್ಗೆಯೇ ಅವಳು ಅಟ್ಟದಿಂದ ದೊಡ್ಡ ಚೀಲವೊಂದನ್ನು ಇಳಿಸಿ ಒರೆಸಿ ಕೋಣೆಯಲ್ಲಿ ಇಟ್ಟಳು. ಮಗ ಕೆಲಸಕ್ಕೆ ಹೋಗುವ ಖುಷಿಗೆ ಕಾಂತಮ್ಮ ವಾಂಗಿಬಾತ್ ಮಾಡಿದ್ದರು. ಬದನೆಕಾಯಿ ಎಣ್ಣೆಯಲ್ಲಿ ಹೊರಳಿದ ಪರಿಮಳಕ್ಕೆ ಅಕ್ಷಯಾ ಕೂಡ ಫೋನು ಬಿಟ್ಟು ಬಂದಳು.

ಲೋಕೇಶ ಬಟ್ಟಲು ಖಾಲಿ ಮಾಡಿದ. ಕಾಂತಮ್ಮ ಸೌಟು ತುಂಬಿಕೊಂಡು ಬಂದರು. ದೇವಕಿ ತನ್ನ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಬೇಡಮ್ಮ," ಎಂದ ಲೋಕೇಶ.

ಸೌಟು ಬಟ್ಟಲಿನ ಮೇಲೆ ನಿಂತಿತು. "ಯಾಕೋ, ಚೆನ್ನಾಗಿಲ್ವಾ?"

"ಚೆನ್ನಾಗಿದೆ."

"ಮತ್ತೆ? ದೇವಕಿ ಏನಾದ್ರೂ ಅಂದ್ಳಾ?"

"ಅವಳು ಏನೂ ಅಂದಿಲ್ಲ. ನಾನು ಹೇಳ್ತಿದೀನಿ." ಅವನು ಬಟ್ಟಲಿನ ಮೇಲೆ ಅಂಗೈ ಅಡ್ಡ ಇಟ್ಟ. "ನಂಗೆ ಸಾಕು. ಹೊಟ್ಟೆ ತುಂಬಿತು."

ಕಾಂತಮ್ಮ ಸೌಟು ಹಿಡಿದುಕೊಂಡೇ ನಿಂತರು. ಅಕ್ಷಯಾ ಅಗಿಯುವುದನ್ನು ನಿಲ್ಲಿಸಿದಳು.

"ಇನ್ನೊಂದು ಸಲ ಹೇಳು."

"ಹೊಟ್ಟೆ ತುಂಬಿತಮ್ಮ."

"ನಲವತ್ತಾರು ವರ್ಷದಲ್ಲಿ ಈ ಮಾತು ನೀನು ಹೇಳಿದ್ದು ಇವತ್ತೇ ಕಣೋ," ಎಂದರು ಕಾಂತಮ್ಮ. ದನಿಯಲ್ಲಿ ಕೋಪವಿರಲಿಲ್ಲ, ಆಶ್ಚರ್ಯವಿತ್ತು. "ನಿಮ್ಮಪ್ಪ ಹೇಳೋರು. ನಿಮ್ಮ ಅಕ್ಕಂದಿರು ಹೇಳೋರು. ನೀನು ಮಾತ್ರ ತಟ್ಟೆ ನೋಡ್ಕೊಂಡು ಸುಮ್ನೆ ಕೂತಿರ್ತಿದ್ದೆ. ಮಗೂಗೆ ಇನ್ನೂ ಹಸಿವು, ಕೇಳೋಕೆ ನಾಚ್ಕೋತಾನೆ ಅಂದ್ಕೊಂಡು ನಾನು ಬಡಿಸ್ತಾ ಹೋದೆ. ಹೇಳಿದ್ರೆ ನಿಲ್ಲಿಸ್ತಿದ್ದೆನಲ್ಲೋ."

ಅಮ್ಮನಿಗೆ ನೋವಾಗುತ್ತದೆ ಎಂದು ಲೋಕೇಶ ನುಂಗುತ್ತಾ ಬಂದದ್ದು, ಮಗನಿಗೆ ಹಸಿವು ಎಂದು ಅವರು ಹಾಕುತ್ತಾ ಬಂದದ್ದು. ಅವನ ಕಣ್ಣು ತುಂಬಿ ಬಂತು.

ದೇವಕಿ ಎದ್ದಳು. ಅತ್ತೆಯ ಕೈಯಿಂದ ಸೌಟು ತೆಗೆದುಕೊಂಡು ಪಕ್ಕದ ಕುರ್ಚಿ ಎಳೆದಳು. "ಅಕ್ಷಯಾ, ನಾಳೆ ಬೆಳಿಗ್ಗೆ ಕಾಲೇಜಿಗೆ ಫೋನ್ ಮಾಡಿ ಹಾಸ್ಟೆಲ್ ಮನೆ ಬೇಡ ಅಂತ ಹೇಳ್ಲಿಕ್ಕುಂಟು. ನನಗೆ ನೆನಪು ಮಾಡು. ಅತ್ತೆ, ನೀವು ಕೂತ್ಕೊಳ್ಳಿ, ನಾನು ಬಡಿಸ್ತೇನೆ."

"ನಾನು ಆಮೇಲೆ ಉಣ್ತೀನಿ ಬಿಡು."

"ಇನ್ನು ಎಂತಕ್ಕೆ ಕಾಯುದು? ಅವರದ್ದು ಆಯ್ತಲ್ಲ."

ಕಾಂತಮ್ಮ ಮಗನ ಬಟ್ಟಲನ್ನು ಇನ್ನೊಮ್ಮೆ ಬಗ್ಗಿ ನೋಡಿದರು. ಹೌದು, ಆಗಿತ್ತು. ಅವರು ಕೂತರು. ತಟ್ಟೆಗೆ ಬಿದ್ದ ವಾಂಗಿಬಾತಿನಿಂದ ಇನ್ನೂ ಹಬೆ ಏಳುತ್ತಿತ್ತು. ಒಂದು ತುತ್ತು ಬಾಯಿಗಿಟ್ಟು, ನಾಲಿಗೆ ಸುಟ್ಟು, ಊದಿಕೊಂಡು ಎರಡನೇ ತುತ್ತು ತಿಂದರು.

"ಬಿಸಿಯಾಗಿ ತಿಂದ್ರೆ ನನ್ನ ಅಡುಗೆ ಚೆನ್ನಾಗೇ ಇರುತ್ತೆ," ಎಂದರು.